ಹೊಸ ಬ್ಯಾಟರಿ ಹಾಕಿದರೂ ಏಳದ ಮ್ಯಾಸಿ

ಬೆಳಗ್ಗೆ ಟ್ರ್ಯಾಕ್ಟರ್ ಸ್ಟಾರ್ಟ್ ಆಗಲಿಲ್ಲವೆಂದರೆ ನಮ್ಮ ಕಡೆ ಮೊದಲ ಆರೋಪ ಬ್ಯಾಟರಿಯ ಮೇಲೆ. ಎರಡನೆಯದು ಇಂಜಿನ್ ತಿರುಗಿಸಿ ಎಬ್ಬಿಸುವ ಸೆಲ್ಫಿನ ಮೇಲೆ. ಇಂಜಿನ್ ಓಡುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ತುಂಬುವ ಡೈನಮೋದ ಹೆಸರು ಬರುವುದು ಜೇಬು ಒಂದು ಸುತ್ತು ಖಾಲಿಯಾದ ಮೇಲೆ. ಇವೆಲ್ಲವನ್ನೂ ಕೂಡಿಸುವ ತಂತಿ, ಸ್ಕ್ರೂ, ನಟ್ಟುಗಳ ಮೇಲೆ ಯಾರಿಗೂ ಅನುಮಾನವೇ ಬರುವುದಿಲ್ಲ. ಅಂಗಡಿಯಲ್ಲಿ ಮಾರಲು ಬರುವ ವಸ್ತುವೇ ಕೆಟ್ಟಿರಬೇಕು ಎಂಬ ನಂಬಿಕೆ ಮಾರುವವನಿಗೆ ಇದ್ದರೆ ಆಶ್ಚರ್ಯವಿಲ್ಲ. ಕೊಳ್ಳುವವನಿಗೂ ಅದೇ ನಂಬಿಕೆ ಏಕೆ ಬಂತೋ ಕಾಣೆ.

ನಾನು ಸಾರಿಗೆ ಡಿಪೋದಲ್ಲಿ ಆಟೊ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತನಾದವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಡೈನಮೋ ಬಿಚ್ಚಿ ಕಟ್ಟುವುದೇ ದಿನದ ಕಾಯಕ; ಬರಬರುತ್ತ ಅದೇ ಕೆಲಸದ ಹೊಸ ಯಂತ್ರಗಳಾದ ಆಲ್ಟರ್ನೇಟರ್‌ಗಳು ಬಂದು, ಕೊನೆಕೊನೆಗೆ ಡೈನಮೋ ಎಂದರೇನೆಂದು ಕೇಳುವ ಹುಡುಗರು ಕೆಲಸಕ್ಕೆ ಬಂದರು. ಹಿರೇಕೆರೂರು ತಾಲ್ಲೂಕಿನ ನಮ್ಮೂರಲ್ಲಿ ಅಣ್ಣನ ಹತ್ತಿರ ಒಂದು ಹಳೆಯ ಮ್ಯಾಸಿ ಫರ್ಗೂಸನ್ 1035 ಇದೆ. ಮೂರು ಸಿಲಿಂಡರಿನ ಸಿಂಪ್ಸನ್ ಇಂಜಿನ್, ಎರಡು ಟರ್ಮಿನಲಿನ ಲೂಕಾಸ್ ಮಾದರಿಯ ಡೈನಮೋ, ಡ್ಯಾಶ್‌ಬೋರ್ಡಿನ ಹಿಂದಿನ ತಗಡಿಗೆ ಕೂರಿಸಿದ ರೆಗ್ಯುಲೇಟರ್. ಈ ರೆಗ್ಯುಲೇಟರ್ ಪೆಟ್ಟಿಗೆಯನ್ನೇ ನಮ್ಮ ಮೆಕ್ಯಾನಿಕ್‌ಗಳು ‘ಕಟೌಟ್’ ಎನ್ನುವುದು. ಸರಿಯಾಗಿ ನೋಡಿದರೆ ಆ ಪೆಟ್ಟಿಗೆಯೊಳಗೆ ಇಬ್ಬರಿದ್ದಾರೆ: ಡೈನಮೋವನ್ನು ಬ್ಯಾಟರಿಗೆ ಕೂಡಿಸುವ, ಬಿಡಿಸುವ ಕಟೌಟ್ ಒಬ್ಬ, ವೋಲ್ಟೇಜನ್ನು ಹದ್ದಿನಲ್ಲಿಡುವ ರೆಗ್ಯುಲೇಟರ್ ಇನ್ನೊಬ್ಬ. ಈ ಬರಹಕ್ಕೆ ಇಬ್ಬರೂ ಬೇಕು.

ದೀಪಾವಳಿಗೆ ಊರಿಗೆ ಹೋದಾಗ ಗೋವಿನಜೋಳದ ರಾಶಿಯ ಗಡಿಬಿಡಿ. ಅಂಗಳದ ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಮೂತಿ ಕೆಳಗೆ ಮಾಡಿ ನಿಂತಿತ್ತು, ಹಿಂದಿನ ಗಾಲಿಗೆ ಕಲ್ಲು. ಉರುಳಿಸಿ ಸ್ಟಾರ್ಟ್ ಮಾಡುವ ಸಿದ್ಧತೆ. ಅದನ್ನು ನೋಡಿದರೆ ಸಾಕು, ಬ್ಯಾಟರಿ ಸತ್ತಿದೆ ಎಂದು ಯಾರಾದರೂ ಹೇಳಬಹುದು. ಅಣ್ಣನ ಮಗ ಸಾಮಾನುಗಳ ಪಟ್ಟಿಯನ್ನೇ ಒಪ್ಪಿಸಿದ.

“ಕಾಕಾ, ಬ್ಯಾಟರಿ ಹೊಸದು ಹಾಕಿದ್ದೇನೆ. ಬೆಲ್ಟ್ ಹೊಸದು. ಸೆಲ್ಫ್ ಬಿಚ್ಚಿಸಿ ಕಾರ್ಬನ್ ಬದಲಾಯಿಸಿದ್ದೇನೆ. ಇನ್ನು ಡೈನಮೋ ಕಿತ್ತು ಆಲ್ಟರ್ನೇಟರ್ ಹಾಕುವುದೊಂದೇ ಬಾಕಿ ಎಂದು ಮೆಕ್ಯಾನಿಕ್ ಹೇಳಿದ್ದಾನೆ.”

“ಅಳತೆ ಏನು ಮಾಡಿದ?”

“ಅಳತೆ ಎಂದರೆ?”

ಮೀಟರ್ ಹಚ್ಚಿಲ್ಲ ಎಂಬುದು ಅಷ್ಟರಲ್ಲೇ ತಿಳಿಯಿತು. ತಪ್ಪು ಹುಡುಗನದಲ್ಲ. ಟ್ರ್ಯಾಕ್ಟರ್ ಚಾರ್ಜಿಂಗ್ ಕೆಟ್ಟದ್ದು ತಿಂಗಳುಗಟ್ಟಲೆ ಗೊತ್ತಾಗದೆ ಹೋಗಬಹುದು, ಅದಕ್ಕೆ ಕಾರಣವಿದೆ. ಈ ಡೀಸೆಲ್ ಇಂಜಿನ್ ಒಮ್ಮೆ ತಿರುಗಿತೆಂದರೆ ಅದಕ್ಕೆ ಕರೆಂಟಿನ ಹಂಗಿಲ್ಲ. ಪಂಪ್ ಹಲ್ಲಿನ ಚಕ್ರದ ಮೇಲೆ ತಿರುಗುತ್ತದೆ, ಇಂಧನ ಒತ್ತಡಕ್ಕೆ ಹೊತ್ತುತ್ತದೆ, ನಿಲ್ಲಿಸುವುದು ಕೂಡ ಗುಂಡಿ ಎಳೆದು. ಪೆಟ್ರೋಲ್ ಕಾರಿನ ಚಾರ್ಜಿಂಗ್ ನಿಂತರೆ ಅದು ದಾರಿಯಲ್ಲೇ ಕೈಕೊಡುತ್ತದೆ. ಟ್ರ್ಯಾಕ್ಟರ್ ಹಾಗಲ್ಲ, ಬ್ಯಾಟರಿಯನ್ನೇ ಬಿಚ್ಚಿಟ್ಟರೂ ಹೊಲ ಉಳುತ್ತದೆ.

ಇನ್ನು ಸ್ಟಾರ್ಟ್ ಮಾಡುವ ಲೆಕ್ಕ. ಸೆಲ್ಫ್ 250 ಆಂಪಿಯರ್ ಎಳೆಯುತ್ತದೆ ಎಂದರೆ ಎಲ್ಲರೂ ಹೌಹಾರುತ್ತಾರೆ. ಆದರೆ ಎಳೆಯುವುದು ಎಷ್ಟು ಹೊತ್ತು? 5 ಸೆಕೆಂಡ್ ಎಂದಿಟ್ಟುಕೊಂಡರೂ ಬ್ಯಾಟರಿಯಿಂದ ಹೋಗುವುದು ಆಂಪಿಯರ್-ಅವರ್ ಲೆಕ್ಕದಲ್ಲಿ ಸುಮಾರು 0.35 ಮಾತ್ರ. 88 ಆಂಪಿಯರ್-ಅವರಿನ ತುಂಬಿದ ಬ್ಯಾಟರಿಗೆ ಅದು ಲೆಕ್ಕಕ್ಕೇ ಇಲ್ಲ. ಹಗಲಲ್ಲಿ ನಾಲ್ಕಾರು ಸಲ ಸ್ಟಾರ್ಟ್ ಮಾಡುತ್ತ, ಒಂದು ಪೈಸೆಯ ಚಾರ್ಜಿಂಗ್ ಇಲ್ಲದೆಯೂ ವಾರಗಟ್ಟಲೆ ನೂಕಬಹುದು. ದೀಪದ ಮಾತೇ ಬೇರೆ. 45 ವ್ಯಾಟಿನ ಹೆಡ್‌ಲೈಟ್ ಎರಡು, ಅದರ ಜೊತೆಗೆ ಸಣ್ಣಪುಟ್ಟ ದೀಪಗಳು ಸೇರಿದರೆ 8-9 ಆಂಪಿಯರ್. ಗಂಟೆಗೆ ಅಷ್ಟು ಸೋರಿದರೆ ಎರಡು ರಾತ್ರಿಯ ಸಾಗಾಟಕ್ಕೆ ಬ್ಯಾಟರಿ ನೆಲ ಕಚ್ಚುತ್ತದೆ. ಅಂದರೆ ಬ್ಯಾಟರಿ ಮಲಗಿದ್ದು ರಾಶಿಯ ಕಾಲಕ್ಕೆ; ಚಾರ್ಜಿಂಗ್ ನಿಂತದ್ದು ಅದಕ್ಕಿಂತ ಎಷ್ಟೋ ಮೊದಲೇ ಇರಬಹುದು. ಹೀಗಾಗಿ ‘ಯಾವಾಗ ಸ್ಟಾರ್ಟ್ ಆಗಲಿಲ್ಲ’ ಎಂದು ಕೇಳಿ ಪ್ರಯೋಜನವಿಲ್ಲ. ಅದಕ್ಕೂ ಹಿಂದೆ ಟ್ರ್ಯಾಕ್ಟರಿಗೆ ಯಾರು ಕೈ ಹಾಕಿದ್ದರು ಎಂದು ಕೇಳಬೇಕು. ಕೇಳಿದೆ. ಮಹಾನವಮಿಯ ಆಯುಧ ಪೂಜೆಗೆಂದು ಪೂರ್ತಿ ಬಣ್ಣ ಹೊಡೆಸಿದ್ದರು. ಬಾನೆಟ್ಟು, ಮಡ್‌ಗಾರ್ಡು ಕುಂಕುಮದ ಹಾಗೆ ಹೊಳೆಯುತ್ತಿದ್ದವು, ನೋಡಲು ಚೆಂದವೇ. ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೆ.

ಮೊದಲು ಬ್ಯಾಟರಿ. ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿ ಆರೂ ಸೆಲ್ ನೋಡಿದೆ. ತುಂಬಿದ ಬ್ಯಾಟರಿಯಲ್ಲಿ ನಮ್ಮ ಹವೆಗೆ 1.240-1.250ರ ಸುತ್ತ ತೋರಿಸಬೇಕು. ಇಲ್ಲಿ ಆರರಲ್ಲೂ 1.150ರ ಆಸುಪಾಸು. ಎಲ್ಲ ಸೆಲ್ಲುಗಳೂ ಒಂದೇ ಮಟ್ಟಕ್ಕೆ ಇಳಿದಿದ್ದರೆ ಬ್ಯಾಟರಿ ಹಸಿದಿದೆ ಎಂದರ್ಥ. ಐದು ಸರಿ ಇದ್ದು ಒಂದೇ ಕೆಳಗಿದ್ದರೆ ಆಗ ಬ್ಯಾಟರಿಯನ್ನು ಬೈಯಬಹುದು. ಬದಲಿಗೆ ಕೊಟ್ಟ ಹಳೆಯ ಬ್ಯಾಟರಿಯನ್ನು ಈ ರೀತಿ ಯಾರೂ ನೋಡಿರಲಿಲ್ಲ. ಅದು ಸತ್ತಿತ್ತೋ ಬರೀ ಹಸಿದಿತ್ತೋ, ಈಗ ಕೇಳಲು ಅದು ಕೈಯಲ್ಲಿಲ್ಲ. ಹೊಸದನ್ನು ರಾತ್ರಿಯಿಡೀ ಚಾರ್ಜರಿಗೆ ಹಾಕಿದೆ. ಹಸಿದ ಬ್ಯಾಟರಿ ಇಟ್ಟುಕೊಂಡು ಚಾರ್ಜಿಂಗ್ ಪರೀಕ್ಷೆ ಮಾಡಬಾರದು. ಅದು ವೋಲ್ಟೇಜನ್ನು ಕೆಳಕ್ಕೆ ಜಗ್ಗಿ ಎಲ್ಲ ಅಳತೆಯನ್ನೂ ಗೊಂದಲ ಮಾಡುತ್ತದೆ.

ಮರುದಿನ ಇಂಜಿನ್ ನಿಲ್ಲಿಸಿಯೇ ಇನ್ನೊಂದನ್ನು ನೋಡಿದೆ. ಬ್ಯಾಟರಿಯನ್ನು ಗಾಡಿಯ ಲೋಹದ ಮೈಗೆ ಕೂಡಿಸುವ ಅರ್ಥ್ ಕೇಬಲ್ ಬಿಚ್ಚಿ, ಕೇಬಲಿಗೂ ಬ್ಯಾಟರಿಯ ಟರ್ಮಿನಲ್ಲಿಗೂ ನಡುವೆ ಒಂದು ಟೆಸ್ಟ್ ಲ್ಯಾಂಪ್ ಹಿಡಿದೆ. ಕೀ ತೆಗೆದಿದ್ದಾಗ ದೀಪ ಹೊತ್ತಬಾರದು. ಹೊತ್ತಿದರೆ ಎಲ್ಲೋ ಕರೆಂಟ್ ಸೋರುತ್ತಿದೆ, ರಾತ್ರಿಯೆಲ್ಲ ಸೋರುತ್ತದೆ. ಡೈನಮೋ ಇರುವ ಗಾಡಿಯಲ್ಲಿ ಈ ಸೋರಿಕೆಗೆ ಒಂದು ವಿಶೇಷ ಕಾರಣವಿದೆ: ಕಟೌಟಿನ ಪಾಯಿಂಟುಗಳು ಸುಟ್ಟು ಅಂಟಿಕೊಂಡರೆ, ಇಂಜಿನ್ ನಿಂತ ಮೇಲೂ ಬ್ಯಾಟರಿ ಡೈನಮೋವನ್ನು ಮೋಟಾರಿನಂತೆ ತಿರುಗಿಸಲು ಹೆಣಗುತ್ತಿರುತ್ತದೆ. ಬೆಲ್ಟ್ ಹಿಡಿದಿರುವುದರಿಂದ ತಿರುಗುವುದಿಲ್ಲ, ಬಿಸಿಯಾಗುತ್ತದೆ. ನಮ್ಮದರಲ್ಲಿ ದೀಪ ಹೊತ್ತಲಿಲ್ಲ. ಅಲ್ಲಿಗೆ ಆ ಬಾಗಿಲು ಮುಚ್ಚಿತು.

ಬೆಲ್ಟನ್ನು ವೀಣೆಯ ತಂತಿಯ ಬಿಗಿಗೆ ಏರಿಸಿದ್ದರು. ಬಿಗಿ ಹೆಚ್ಚಾದಷ್ಟೂ ಚಾರ್ಜಿಂಗ್ ಹೆಚ್ಚು ಎಂದು ಭಾವಿಸುವವರು ಬಹಳ. ಹೆಬ್ಬೆರಳಿನಿಂದ ನಡುವೆ ಒತ್ತಿದರೆ ಅರ್ಧ ಇಂಚು ತಗ್ಗಬೇಕು. ಅದಕ್ಕಿಂತ ಬಿಗಿ ಮಾಡಿದರೆ ಡೈನಮೋದ ಬೇರಿಂಗೂ ವಾಟರ್ ಪಂಪಿನ ಬೇರಿಂಗೂ ಒಟ್ಟಿಗೆ ಹೋಗುತ್ತವೆ. ಸಡಿಲಿಸಿದೆ.

ಆಮೇಲೆ ಸ್ಟಾರ್ಟ್ ಮಾಡಿ, ಬ್ಯಾಟರಿಗೆ ಕರೆಂಟ್ ಬರುತ್ತಿದೆಯೋ ಅದರಿಂದ ಹೋಗುತ್ತಿದೆಯೋ ತೋರಿಸುವ ಅಮ್ಮೀಟರ್ ಮುಂದೆ ಕುಳಿತೆ. ಈ ಪುಟ್ಟ ಗಡಿಯಾರದ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಇದನ್ನು ಓದುವುದರಲ್ಲೇ ಮುಕ್ಕಾಲು ಜನ ಎಡವುತ್ತಾರೆ. ಮುಳ್ಳು ನಟ್ಟನಡುವೆ ನಿಂತರೆ ‘ಬ್ಯಾಟರಿ ಫುಲ್’ ಎಂದು ನಂಬುತ್ತಾರೆ. ಬ್ಯಾಟರಿ ತುಂಬಿದಾಗ ಮುಳ್ಳು ನಡುವಿಗೆ ಬರುವುದು ನಿಜ. ಚಾರ್ಜಿಂಗ್ ಪೂರ್ತಿ ಸತ್ತು, ದೀಪ ಯಾವುದೂ ಹೊತ್ತದೆ ಇದ್ದಾಗಲೂ ಮುಳ್ಳು ಅಲ್ಲೇ ನಿಲ್ಲುತ್ತದೆ ಎಂಬುದೂ ಅಷ್ಟೇ ನಿಜ. ಎರಡನ್ನೂ ಬೇರೆ ಮಾಡಲು ಹೆಡ್‌ಲೈಟ್ ಹಾಕಿ ರೇಸ್ ಕೊಡಬೇಕು. ಚಾರ್ಜಿಂಗ್ ಇದ್ದರೆ ಮುಳ್ಳು ಒಮ್ಮೆ ಮೈನಸ್ ಕಡೆಗೆ ತೊನೆದು ವಾಪಸು ನಡುವಿಗೋ ಪ್ಲಸ್ಸಿಗೋ ಬರುತ್ತದೆ. ಇಲ್ಲದಿದ್ದರೆ ಮೈನಸ್ 8ರ ಹತ್ತಿರ ಬಿದ್ದದ್ದು ಬಿದ್ದೇ ಇರುತ್ತದೆ. ನಮ್ಮದು ಬಿದ್ದೇ ಇತ್ತು.

ಅಮ್ಮೀಟರಿನ ಪಕ್ಕದಲ್ಲಿ ಒಂದು ಕೆಂಪು ದೀಪವಿದೆ. ಅದು ಕಂಪನಿಯದಲ್ಲ, ಹಿಂದೊಮ್ಮೆ ರಜೆಗೆ ಬಂದಾಗ ನಾನೇ ಹಾಕಿದ್ದು, ಡಿಪೋದ ಚಟ. ದೀಪದ ಒಂದು ಕಾಲು ಕೀಗೆ, ಇನ್ನೊಂದು ಡೈನಮೋದಿಂದ ಕರೆಂಟ್ ಹೊರಬರುವ ದಪ್ಪ ಟರ್ಮಿನಲ್ ಡಿಗೆ. ಡೈನಮೋ ತಿರುಗದಿದ್ದಾಗ ದೀಪದ ಎರಡು ತುದಿಗಳ ನಡುವೆ 12 ವೋಲ್ಟ್, ಹೊತ್ತುತ್ತದೆ. ಡೈನಮೋದಲ್ಲೂ ಅಷ್ಟೇ ವೋಲ್ಟೇಜ್ ಬಂದರೆ ಎರಡೂ ಕಡೆ ಸಮ, ಆರುತ್ತದೆ.

“ದೀಪ ಆರುತ್ತದೆ ಕಾಕಾ,” ಎಂದ ಹುಡುಗ. “ಸ್ಟಾರ್ಟ್ ಮಾಡಿ ಸ್ವಲ್ಪ ಎಳೆದರೆ ಆರುತ್ತದೆ. ಪೂರ್ತಿ ರೇಸ್ ಕೊಟ್ಟರೆ ಮಾತ್ರ ಮತ್ತೆ ಹೊತ್ತುತ್ತದೆ. ವೈರ್ ಎಲ್ಲೋ ತಾಗುತ್ತಿದೆ ಎಂದು ಮೆಕ್ಯಾನಿಕ್ ಹೇಳಿದ.”

ಮತ್ತೆ ಹೊತ್ತುತ್ತದೆ! ಹೀಗೆಂದು ಯಾರಾದರೂ ಹೇಳಿದರೆ ಹಳೆಯ ಎಲೆಕ್ಟ್ರಿಷಿಯನ್‌ಗೆ ಕಿವಿ ನೆಟ್ಟಗಾಗಬೇಕು. ವೈರ್ ತಾಗಿ ಹೊತ್ತುವ ದೀಪ ಗುಂಡಿ ಹಾಯಿಸಿದಾಗ, ಕುಲುಕಿದಾಗ ಮಿಣುಕುತ್ತದೆ. ಇಂಜಿನ್ ವೇಗವನ್ನು ಲೆಕ್ಕ ಇಟ್ಟು ಆರುವುದು ಹೊತ್ತುವುದು ಮಾಡುವುದಿಲ್ಲ. ನಾನೇ ಎಳೆದು ನೋಡಿದೆ. ಐಡ್ಲಿಂಗ್‌ನಲ್ಲಿ ಮಂಕು ಕೆಂಡ. ಸ್ವಲ್ಪ ಎಳೆದೆ, ಪೂರ್ತಿ ಆರಿತು. ಇನ್ನೂ ಎಳೆದೆ, ಮೆಲ್ಲಗೆ ಕೆಂಪೇರಿತು. ಇನ್ನೂ ಎಳೆದಾಗ ಮೊದಲಿಗಿಂತ ಪ್ರಖರವಾಗಿ ಉರಿಯಿತು. ಇದರ ಅರ್ಥ ಒಂದೇ: ಡೈನಮೋ ಬ್ಯಾಟರಿಯ ವೋಲ್ಟೇಜನ್ನು ಮುಟ್ಟಿ, ದಾಟಿ, ಅದರ ಎರಡು ಪಟ್ಟಿನ ಕಡೆಗೆ ಓಡುತ್ತಿದೆ. ದೀಪದಲ್ಲೀಗ ಕರೆಂಟ್ ಹಿಂದುಮುಂದಾಗಿ ಹರಿಯುತ್ತಿದೆ. ಸತ್ತಿದೆ ಎಂದು ಕಿತ್ತೆಸೆಯಲು ಹೊರಟಿದ್ದ ಡೈನಮೋ ಲಂಗುಲಗಾಮಿಲ್ಲದೆ ದುಡಿಯುತ್ತಿತ್ತು. ಆದರೆ ದುಡಿದದ್ದು ಬ್ಯಾಟರಿಗೆ ತಲುಪುತ್ತಿರಲಿಲ್ಲ.

ಬಾನೆಟ್ಟಿನ ಪಕ್ಕ ಬಗ್ಗಿದರೆ ಬಿಸಿಯಾದ ವಾರ್ನಿಷ್ ವಾಸನೆ. ಡೈನಮೋದೊಳಗೆ ಅಯಸ್ಕಾಂತದ ಬಲ ಹುಟ್ಟಿಸುವ ಫೀಲ್ಡ್ ಕಾಯಿಲಿನ ರೆಸಿಸ್ಟೆನ್ಸ್ ಸುಮಾರು 6 ಓಮ್. ಅದಕ್ಕೆ 12 ವೋಲ್ಟ್ ಬಿದ್ದರೆ 2 ಆಂಪಿಯರ್, 24 ವ್ಯಾಟ್ ಶಾಖ. 24 ವೋಲ್ಟ್ ಬಿದ್ದರೆ 4 ಆಂಪಿಯರ್, ಹತ್ತಿರ ಹತ್ತಿರ 100 ವ್ಯಾಟ್. ವೋಲ್ಟೇಜ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಕೂಡಲೇ ಇಂಜಿನ್ ನಿಲ್ಲಿಸಿದೆ.

ಆದರೂ ಡೈನಮೋವನ್ನು ಒಮ್ಮೆ ಒಂಟಿಯಾಗಿ ವಿಚಾರಿಸದೆ ಮುಂದೆ ಹೋಗಬಾರದು. ವಿಧಾನ ಸುಲಭ, ಮೀಟರ್ ಇರುವ ಯಾರು ಬೇಕಾದರೂ ಮಾಡಬಹುದು. ಡಿ ಮತ್ತು ಫೀಲ್ಡಿನ ಎಫ್, ಎರಡೂ ಟರ್ಮಿನಲ್ಲಿನ ವೈರ್ ಬಿಚ್ಚಿ, ಎರಡನ್ನೂ ಒಂದು ತುಂಡು ತಂತಿಯಿಂದ ಕೂಡಿಸಬೇಕು. ಮೀಟರಿನ ಒಂದು ಕಡ್ಡಿ ಆ ತಂತಿಗೆ, ಇನ್ನೊಂದು ಡೈನಮೋದ ಮೈಗೆ. ಇಂಜಿನ್ ಐಡ್ಲಿಂಗ್‌ನಿಂದ ಮೆಲ್ಲಗೆ ಏರಿಸಿದರೆ ವೋಲ್ಟೇಜ್ ತಡವರಿಸದೆ ಏರಬೇಕು. 20ರ ಹತ್ತಿರ ಬಂದೊಡನೆ ನಿಲ್ಲಿಸಬೇಕು, ಅದನ್ನು ಮೀರಿ ಎಳೆಯುವುದು ಕಾಯಿಲಿಗೆ ಕೇಡು. ಏರದಿದ್ದರೆ ಎಷ್ಟಕ್ಕೆ ನಿಂತಿತು ಎಂಬುದೇ ಜಾತಕ ಹೇಳುತ್ತದೆ. ಸೊನ್ನೆ ಎಂದರೆ ಕರೆಂಟ್ ಎತ್ತಿಕೊಳ್ಳುವ ಕಾರ್ಬನ್ ತುಂಡುಗಳು ತಿರುಗುವ ತಾಮ್ರದ ಕಮ್ಯುಟೇಟರಿಗೆ ಮುಟ್ಟುತ್ತಿಲ್ಲ. ಅರ್ಧ-ಒಂದು ವೋಲ್ಟ್ ಎಂದರೆ ಕಬ್ಬಿಣದಲ್ಲಿ ಉಳಿದ ಅಯಸ್ಕಾಂತದ ಬಲವಷ್ಟೇ ಕೆಲಸ ಮಾಡುತ್ತಿದೆ, ಫೀಲ್ಡ್ ಕಾಯಿಲ್ ತುಂಡಾಗಿದೆ. 5-6 ವೋಲ್ಟಿಗೆ ಬಂದು ನಿಂತರೆ ಒಳಗೆ ತಿರುಗುವ ಆರ್ಮೇಚರ್ ಮೇಲೆ ಅನುಮಾನ. ನಮ್ಮದು ಐಡ್ಲಿಂಗ್‌ನಿಂದ ಚೂರು ಮೇಲೇರುತ್ತಿದ್ದಂತೆ 15 ದಾಟಿ 20 ತೋರಿಸಿತು. ಮೀಟರಿನ ಕಡ್ಡಿಯನ್ನು ಡೈನಮೋದ ಮೈಯಿಂದ ತೆಗೆದು ಇಂಜಿನ್ ಬ್ಲಾಕಿಗೆ, ಆಮೇಲೆ ಬ್ಯಾಟರಿಯ ಅರ್ಥ್ ಟರ್ಮಿನಲ್ಲಿಗೆ ಹಿಡಿದೆ. ಅಲ್ಲೂ ಅಷ್ಟೇ. ಡೈನಮೋದ ಅರ್ಥ್ ಸರಿ ಇದೆ.

ಹಿಂಭಾಗದ ಪಟ್ಟಿ ಸರಿಸಿ ಒಳಗೂ ಒಮ್ಮೆ ಇಣುಕಿದೆ. ಕಾರ್ಬನ್‌ಗಳು ಇನ್ನೂ ಅರ್ಧ ಇಂಚಿನಷ್ಟಿವೆ. ಕಾಲು ಇಂಚಿಗೆ ಬಂದರೆ ಬದಲಾಯಿಸಬೇಕು. ಕಮ್ಯುಟೇಟರ್ ಮೇಲೆ ಚಾಕಲೇಟ್ ಬಣ್ಣದ ನುಣುಪು ಪದರ. ಅದನ್ನು ಕೊಳೆಯೆಂದು ತಿಳಿದು ಎಮರಿ ಕಾಗದ ಹಚ್ಚಿ ತಿಕ್ಕುವವರನ್ನು ಕಂಡಿದ್ದೇನೆ. ಆ ಬಣ್ಣ ಆರೋಗ್ಯದ ಲಕ್ಷಣ. ತಿಕ್ಕಲೇಬೇಕಾದರೆ ಗಾಜಿನ ಪುಡಿಯ ಸಣ್ಣ ಕಾಗದ ಬಳಸಬೇಕು. ಎಮರಿಯ ಕಣಗಳು ತಾಮ್ರದಲ್ಲಿ ನಾಟಿ ಕಾರ್ಬನ್ನನ್ನು ತಿನ್ನುತ್ತವೆ. ಡಿಪೋದಲ್ಲಿ ಹ್ಯಾಕ್ಸಾ ಬ್ಲೇಡಿನ ಎರಡು ಕೆನ್ನೆ ಉಜ್ಜಿ ತೆಳ್ಳಗೆ ಮಾಡಿ, ತಾಮ್ರದ ಪಟ್ಟಿಗಳ ನಡುವಿನ ಮೈಕಾವನ್ನು ಕೆರೆಯುತ್ತಿದ್ದೆವು. ಎಷ್ಟು ಕೆರೆದಿದ್ದೇನೋ, ಆ ಕಿರ್ ಎನ್ನುವ ಸದ್ದು ಇಂದಿಗೂ ಹಲ್ಲು ಜುಮ್ಮೆನಿಸುತ್ತದೆ. ತಿರುಗುವ ದಂಡದ ಹಿಂದಿನ ತುದಿ ಕೂರುವ ಬುಷ್ಷಿಗೆ ಒಂದು ಎಣ್ಣೆಯ ರಂಧ್ರವಿದೆ. ಇಂಜಿನ್ ಆಯಿಲ್ ಎರಡೇ ಹನಿ. ಪ್ರೀತಿ ಹೆಚ್ಚಾಗಿ ಅರ್ಧ ಚಮಚ ಬಿಟ್ಟರೆ ಅದು ಕಾರ್ಬನ್ ಮೇಲೆ ಸಿಡಿಯುತ್ತದೆ. ನಮ್ಮದರ ರಂಧ್ರದ ಬಾಯಿಗೆ ಹೊಸ ಕೆಂಪು ಬಣ್ಣ ಮೆತ್ತಿಕೊಂಡಿತ್ತು. ಸೂಜಿಯಿಂದ ಬಿಡಿಸಿದೆ. ಬಣ್ಣ ಹೊಡೆದವನ ಕೈ ಎಲ್ಲೆಲ್ಲಿಗೆ ಹೋಗಿತ್ತು ಎಂದು ಆಗ ಹೊಳೆಯತೊಡಗಿತು.

ವೈರುಗಳನ್ನು ವಾಪಸು ಕೂಡಿಸಿ ರೆಗ್ಯುಲೇಟರಿಗೆ ಬಂದೆ. ಅದರ ಟರ್ಮಿನಲ್ಲುಗಳಲ್ಲಿ ಇ ಎಂದು ಬರೆದದ್ದು ಅರ್ಥಿನದು. ಡಿ, ಎಫ್ ಬಗ್ಗೆ ಎಲ್ಲರಿಗೂ ಗೌರವವಿದೆ, ಏಕೆಂದರೆ ಅಲ್ಲಿಂದ ಡೈನಮೋಗೆ ವೈರುಗಳು ಹೊರಡುತ್ತವೆ. ಇ ಬಡಪಾಯಿ, ಒಂದು ಸಣ್ಣ ಕಪ್ಪು ವೈರ್, ತಗಡಿಗೆ ಬಿಗಿದ ಒಂದು ಸ್ಕ್ರೂ. ಆದರೆ ಕಟೌಟನ್ನು ಎಳೆಯುವ ಕಾಯಿಲ್, ವೋಲ್ಟೇಜ್ ನೋಡಿಕೊಳ್ಳುವ ಕಾಯಿಲ್, ಎರಡೂ ಡಿಯಿಂದ ಹೊರಟು ಮುಗಿಯುವುದು ಈ ಇಯಲ್ಲಿ. ಅದು ನೆಲೆ ತಪ್ಪಿದರೆ ಎರಡು ಕಾಯಿಲಿಗೂ ಕರೆಂಟ್ ಹರಿಯಲು ದಾರಿಯಿಲ್ಲ. ಕಟೌಟ್ ಕೂಡಿಕೊಳ್ಳುವುದಿಲ್ಲ, ಆದ್ದರಿಂದ ಬ್ಯಾಟರಿಗೆ ಏನೂ ಹೋಗುವುದಿಲ್ಲ. ರೆಗ್ಯುಲೇಟರ್ ಪಾಯಿಂಟ್ ಬಿಚ್ಚುವುದಿಲ್ಲ, ಆದ್ದರಿಂದ ಫೀಲ್ಡಿಗೆ ತಡೆಯೇ ಇಲ್ಲದೆ ಕರೆಂಟ್ ನುಗ್ಗುತ್ತದೆ, ಡೈನಮೋ ಹುಚ್ಚೆದ್ದು ಓಡುತ್ತದೆ. ಮುಳ್ಳು ಮೈನಸ್ಸಿನಲ್ಲಿ ಬಿದ್ದಿರುವುದು, ದೀಪ ಮತ್ತೆ ಹೊತ್ತುವುದು, ವಾರ್ನಿಷ್ ವಾಸನೆ, ಮೂರಕ್ಕೂ ಇದೊಂದೇ ಉತ್ತರ.

ಅನುಮಾನ ಎಷ್ಟೇ ಗಟ್ಟಿಯಿರಲಿ, ಸ್ಕ್ರೂ ಬಿಚ್ಚುವ ಮೊದಲು ಮೀಟರಿನ ಸಾಕ್ಷಿ ಬೇಕು. ಬಿಚ್ಚಿ ಹಾಕಿದರೆ ಎಷ್ಟೋ ಸಲ ತಾನಾಗಿ ಸರಿಹೋಗಿ, ಕಾರಣ ತಿಳಿಯದೆ ಉಳಿದುಬಿಡುತ್ತದೆ. ಒಂದು ಕಡ್ಡಿಯನ್ನು ರೆಗ್ಯುಲೇಟರಿನ ಇಗೆ, ಇನ್ನೊಂದನ್ನು ಬ್ಯಾಟರಿಯ ಅರ್ಥ್ ಟರ್ಮಿನಲ್ಲಿಗೆ ಹಿಡಿದು ಹುಡುಗನಿಗೆ ಮೆಲ್ಲಗೆ ಎಳೆಯಲು ಹೇಳಿದೆ. ಎರಡೂ ಅರ್ಥ್, ನಡುವೆ ಸೊನ್ನೆ ಇರಬೇಕು, ಹೆಚ್ಚೆಂದರೆ ಪಾಯಿಂಟ್ ಒಂದೋ ಎರಡೋ ವೋಲ್ಟ್. ಮೀಟರ್ 14, 17, 20 ಎಂದು ಏರುತ್ತ ಹೋಯಿತು. ಸಾಕು ಎಂದು ಕೈ ಮಾಡಿದೆ. ಎರಡೂ ಕಡೆ ಕ್ಲಿಪ್ಪಿರುವ ವೈರ್ ತಂದು ಅದೇ ಎರಡು ಜಾಗಗಳನ್ನು ಕೂಡಿಸಿದೆ. ಪೆಟ್ಟಿಗೆಯೊಳಗೆ ‘ಟಕ್’ ಎಂದಿತು. ಅಮ್ಮೀಟರಿನ ಮುಳ್ಳು ಮೈನಸ್ಸಿನಿಂದ ಎದ್ದು ಪ್ಲಸ್ಸಿಗೆ ಹಾರಿತು. ಎಷ್ಟು ಎಳೆದರೂ ಕೆಂಪು ದೀಪ ಮತ್ತೆ ಹೊತ್ತಲಿಲ್ಲ.

“ಅಷ್ಟೇನಾ?” ಎಂದ ಅಣ್ಣ. ಬ್ಯಾಟರಿಯ ಬಿಲ್ಲು ಅವನ ತಲೆಯಲ್ಲಿ ತಿರುಗುತ್ತಿತ್ತೆಂದು ಮುಖವೇ ಹೇಳುತ್ತಿತ್ತು.

ಸ್ಕ್ರೂ ಬಿಚ್ಚಿದಾಗ ತಗಡಿನ ಮೇಲೆ, ವೈರಿನ ಉಂಗುರ ಕೂರುವ ಜಾಗದಲ್ಲಿ, ಪ್ರೈಮರ್ ಒಂದು ಪದರ, ಕೆಂಪು ಎರಡು ಪದರ. ರೆಗ್ಯುಲೇಟರನ್ನು ಬಿಚ್ಚಿ ಪಕ್ಕಕ್ಕಿಟ್ಟು, ಹಿಂದಿನ ತಗಡಿಗೂ ಚೊಕ್ಕವಾಗಿ ಬಣ್ಣ ಹೊಡೆದು ಮತ್ತೆ ಕೂರಿಸಿದ್ದಾರೆ. ಬಣ್ಣಗಾರನ ಮಟ್ಟಿಗೆ ಅದು ಶ್ರದ್ಧೆಯ ಕೆಲಸವೇ. ಸೋಮಾರಿಯಾಗಿದ್ದರೆ ಪೆಟ್ಟಿಗೆಯ ಸುತ್ತ ಹೊಡೆದು ಬಿಟ್ಟಿರುತ್ತಿದ್ದ, ಈ ತೊಂದರೆಯೇ ಇರುತ್ತಿರಲಿಲ್ಲ. ಸ್ಕ್ರೂವಿನ ಎಳೆಗಳಲ್ಲಿ ಮಾತ್ರ ಅಲ್ಲಲ್ಲಿ ಲೋಹ ಮಿಂಚುತ್ತಿತ್ತು. ಅಷ್ಟರಲ್ಲೇ ಆಗೊಮ್ಮೆ ಈಗೊಮ್ಮೆ ತಾಗಿ ಚಾರ್ಜಿಂಗ್ ಬಂದಿರಬೇಕು. ಪೇಟೆಯಲ್ಲಿ ಮೆಕ್ಯಾನಿಕ್ ನೋಡುವಾಗ ಮುಳ್ಳು ಪ್ಲಸ್ಸಿಗೆ ಬಂದಿತ್ತು ಎಂದು ಹುಡುಗ ಹೇಳಿದ್ದೂ ಸುಳ್ಳಲ್ಲ, ಕಾಯಿಲ್ ಇನ್ನೂ ಸುಡದೆ ಉಳಿದದ್ದೂ ಅದರಿಂದಲೇ. ಹಳೆಯ ಬ್ಲೇಡಿನಿಂದ ತಗಡು ಬೆಳ್ಳಗೆ ಕಾಣುವವರೆಗೆ ಕೆರೆದೆ. ಹಲ್ಲಿನ ವಾಷರ್ ಹಾಕಿ ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ವ್ಯಾಸಲೀನ್ ಸವರಿದೆ. ಅಷ್ಟಕ್ಕೇ ಬಿಡದೆ ಇಯಿಂದ ಡೈನಮೋದ ಮೈಯ ಬೋಲ್ಟಿಗೆ ಪ್ರತ್ಯೇಕ ವೈರನ್ನೂ ಎಳೆದೆ. ಇನ್ನು ಯಾವ ಪೂಜೆಗೆ ಯಾವ ಬಣ್ಣ ಬೇಕಾದರೂ ಹೊಡೆಯಲಿ.

ಇಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಮುಳ್ಳು ಪ್ಲಸ್ಸಿಗೆ ಹೋದದ್ದು ಇಳಿಯಲೇ ಇಲ್ಲ. ರಾತ್ರಿಯೆಲ್ಲ ಚಾರ್ಜ್ ಆದ ಬ್ಯಾಟರಿ ಅಷ್ಟು ಹೊತ್ತು ಅಷ್ಟು ಕರೆಂಟ್ ಕುಡಿಯಬಾರದು. ಬ್ಯಾಟರಿಯ ಮೇಲೆ ಮೀಟರ್ ಹಿಡಿದರೆ 15.5 ದಾಟಿತ್ತು, 14ರ ಸುತ್ತ ಇರಬೇಕಾದದ್ದು. ರೆಗ್ಯುಲೇಟರಿನ ಮುಚ್ಚಳ ತೆಗೆದು ನೋಡಿದೆ. ಹೊಂದಾಣಿಕೆಯ ಸ್ಕ್ರೂವಿನ ತಲೆಯಲ್ಲಿ ಹೊಸ ಗೀರು. ಚಾರ್ಜಿಂಗ್ ಬರುತ್ತಿಲ್ಲವೆಂದು ಯಾರೋ ಸ್ಪ್ರಿಂಗನ್ನು ಬಿಗಿ ಮಾಡಿ ನೋಡಿದ್ದಾರೆ. ಬಂದಿಲ್ಲ, ಅರ್ಥ್ ಇಲ್ಲದೆ ಎಷ್ಟು ಬಿಗಿದರೇನು? ಬಿಗಿದದ್ದನ್ನು ವಾಪಸು ತಿರುಗಿಸದೆ ಮುಚ್ಚಳ ಹಾಕಿದ್ದಾರೆ. ರಿಪೇರಿಯ ಎರಡನೆಯ ತೊಂದರೆ ಬಹಳ ಸಲ ಮೊದಲ ರಿಪೇರಿಯವನು ಬಿಟ್ಟುಹೋದದ್ದೇ ಆಗಿರುತ್ತದೆ.

ಇದನ್ನು ಸರಿಪಡಿಸುವ ಕ್ರಮ ಹೀಗೆ. ಕಟೌಟ್ ಪಾಯಿಂಟುಗಳ ನಡುವೆ ಒಂದು ತುಂಡು ಕಾಗದ ಸಿಕ್ಕಿಸಿ ಬ್ಯಾಟರಿಯನ್ನು ಬೇರೆ ಮಾಡಬೇಕು. ಮೀಟರ್ ಡಿ ಮತ್ತು ಇ ನಡುವೆ. ಇಂಜಿನ್ ಮೆಲ್ಲಗೆ ಏರಿಸಿದರೆ ವೋಲ್ಟೇಜ್ ಏರುತ್ತ ಬಂದು ಒಂದು ಕಡೆ ಮುಳ್ಳು ನಡುಗಿ ನಿಲ್ಲುತ್ತದೆ. ಹಾಗೆ ನಿಲ್ಲುವುದು 16ರ ಆಸುಪಾಸಿನಲ್ಲಿ, ಸೆಖೆ ಹೆಚ್ಚಿದ್ದರೆ ಅದಕ್ಕಿಂತ ತುಸು ಕಡಿಮೆ. ‘14 ಬೇಕು ಎಂದಿರಿ, ಈಗ 16 ಎನ್ನುತ್ತೀರಿ’ ಎಂದು ಹುಡುಗ ಹಿಡಿದೇಬಿಟ್ಟ. ಕಾಗದ ತೆಗೆದು ಬ್ಯಾಟರಿ ಕೂಡಿಸಿದ ಮೇಲೆ ಚಾರ್ಜಿಂಗ್ ಕರೆಂಟ್ ಇನ್ನೊಂದು ದಪ್ಪ ಸುರುಳಿಯ ಮೂಲಕವೂ ಹರಿಯುತ್ತದೆ. ಅದು ರೆಗ್ಯುಲೇಟರಿಗೆ ನೆರವಾಗಿ ವೋಲ್ಟೇಜನ್ನು ತಗ್ಗಿಸುತ್ತದೆ. ಡೈನಮೋಗೆ ಭಾರ ಹೆಚ್ಚಿದಷ್ಟೂ ವೋಲ್ಟೇಜ್ ಇಳಿಸಿ ಅದನ್ನು ಸುಡದಂತೆ ಕಾಯುವ ಉಪಾಯ. ಹೀಗಾಗಿ ಒಂಟಿಯಾಗಿದ್ದಾಗ 16, ಸಂಸಾರದಲ್ಲಿದ್ದಾಗ 14. ಇದೆಲ್ಲ 30 ಸೆಕೆಂಡಿನೊಳಗೆ ಮುಗಿಯಬೇಕು. ಕಾಯಿಲ್ ಬಿಸಿಯಾದರೆ ಅಳತೆ ದಾರಿ ತಪ್ಪಿಸುತ್ತದೆ. ಮುಗಿಯದಿದ್ದರೆ ನಿಲ್ಲಿಸಿ, ಆರಲು ಬಿಟ್ಟು, ಮತ್ತೆ ಶುರು. ಸ್ಕ್ರೂ ತಿರುಗಿಸುವುದು ಕೂದಲೆಳೆಯಷ್ಟು. ಕೆಲಸ ಮುಗಿದ ಮೇಲೆ ಕಾಗದ ತೆಗೆಯುವುದನ್ನು ಮರೆಯಬಾರದು.

ಕಟೌಟ್ ಕೂಡಿಕೊಳ್ಳುವ ವೋಲ್ಟೇಜನ್ನೂ ನೋಡಿದೆ. 13ರ ಹತ್ತಿರ ಟಕ್ ಎಂದಿತು, ಸರಿಯಿದೆ, ಮುಟ್ಟಲಿಲ್ಲ. ಸರಿಯಿದ್ದದ್ದನ್ನು ಮುಟ್ಟದಿರುವುದಕ್ಕೂ ಅನುಭವ ಬೇಕು.

ಇನ್ನು ಆಲ್ಟರ್ನೇಟರ್ ಪ್ರಶ್ನೆ. ಹುಡುಗ ಅದನ್ನು ಬಿಡುವವನಲ್ಲ, ಮತ್ತು ಅವನ ಮಾತಿನಲ್ಲಿ ಹುರುಳಿಲ್ಲ ಎಂದೂ ನಾನು ಹೇಳುವುದಿಲ್ಲ. ಈ ಡೈನಮೋ ಪೂರ್ತಿ ವೇಗದಲ್ಲಿ ಕೊಡುವುದೇ 20-22 ಆಂಪಿಯರ್. ಐಡ್ಲಿಂಗ್‌ನಲ್ಲಿ ಏನೂ ಕೊಡುವುದಿಲ್ಲ ಎನ್ನಬಹುದು. ಮಾರುಕಟ್ಟೆಯ ಮುಂದೆ ಸಾಲಿನಲ್ಲಿ ದೀಪ ಹಾಕಿಕೊಂಡು ಗುರುಗುಟ್ಟುತ್ತ ನಿಂತರೆ ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ಸಾಮಾನ್ಯ 36 ಆಂಪಿಯರಿನ ಆಲ್ಟರ್ನೇಟರ್ ಐಡ್ಲಿಂಗ್‌ನಲ್ಲೂ ಸಾಕಷ್ಟು ಕೊಡುತ್ತದೆ, ಕಾರ್ಬನ್ ಬಹಳ ಕಾಲ ಬರುತ್ತದೆ. ಹೊಸ ಸೌಂಡ್ ಸಿಸ್ಟಮ್, ಹಿಂದೆ ಮುಂದೆ ದೀಪದ ಸಾಲು ಬೇಕೆನ್ನುವವರು ಅದನ್ನೇ ಹಾಕಿಕೊಳ್ಳಲಿ. ಆದರೆ ಅದರ ಮೃದು ಜಾಗಗಳನ್ನೂ ತಿಳಿದಿರಬೇಕು. ಬ್ಯಾಟರಿ ಹಿಂದುಮುಂದು ಕೂಡಿಸಿದರೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತವೆ. ವೆಲ್ಡಿಂಗ್ ಮಾಡಿಸುವಾಗ ಅದರ ವೈರ್ ಬಿಚ್ಚಿಡಬೇಕು, ಹಳ್ಳಿಯಲ್ಲಿ ಯಾರು ಬಿಚ್ಚುತ್ತಾರೆ? ಅದರ ಕೆಂಪು ದೀಪ ಬರೀ ಅಲಂಕಾರವಲ್ಲ; ಹಲವು ಆಲ್ಟರ್ನೇಟರುಗಳು ಕರೆಂಟ್ ಉತ್ಪಾದಿಸಲು ಶುರುಮಾಡುವುದೇ ಆ ದೀಪದ ಮೂಲಕ ಬರುವ ಚೂರು ಕರೆಂಟಿನಿಂದ. ಬಲ್ಬ್ ಸುಟ್ಟರೆ ಚಾರ್ಜಿಂಗ್ ಕೂಡ ಏಳದೆ ಹೋಗಬಹುದು. ಡೈನಮೋ ಒರಟ. ಬ್ಯಾಟರಿಯ ದಿಕ್ಕು ಬದಲಾದರೂ, ವೈರ್ ಬಿಚ್ಚಿ ಎಫ್ ಟರ್ಮಿನಲ್ಲಿಗೆ ಬ್ಯಾಟರಿಯ ಜೀವಂತ (ಅರ್ಥ್ ಅಲ್ಲದ) ತುದಿಯನ್ನು ಒಂದು ಕ್ಷಣ ತಾಗಿಸಿದರೆ ಹೊಸ ದಿಕ್ಕಿಗೆ ಒಗ್ಗಿಕೊಳ್ಳುತ್ತದೆ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದು ಅಯಸ್ಕಾಂತ ಮರೆತ ಡೈನಮೋಗೂ ಅದೇ ಔಷಧ.

ನನ್ನ ವಾದ ಇಷ್ಟೇ: ಆಲ್ಟರ್ನೇಟರ್ ಬೇಕಿದ್ದರೆ ಬೇಕೆಂದು ಹಾಕಿ, ಬಣ್ಣ ಮೆತ್ತಿದ ಒಂದು ಸ್ಕ್ರೂವಿಗೆ ಮದ್ದೆಂದು ಹಾಕಬೇಡಿ. ಆ ಅರ್ಥ್ ಹಾಗೇ ಉಳಿದಿದ್ದರೆ ಅದರ ಮೇಲೆ ಕೂಡಿಸಿದ ಇನ್ನೊಂದೇನೋ ನಾಳೆ ಕೈಕೊಡುತ್ತಿತ್ತು. ಸದ್ಯಕ್ಕೆ ಹೆಡ್‌ಲೈಟಿಗೆ ಎಲ್‌ಇಡಿ ಹಾಕಿಸೋಣ, ಎಳೆತ ಕಡಿಮೆಯಾಗುತ್ತದೆ ಎಂದು ಒಪ್ಪಿಸಿದ್ದೇನೆ. ಸೌಂಡ್ ಸಿಸ್ಟಮ್ ವಿಷಯದಲ್ಲಿ ವೈನಿ ನನ್ನ ಪರ ನಿಂತರು, ಅದಕ್ಕೆ ಅವರ ಕಾರಣಗಳೇ ಬೇರೆ.

ಡೈನಮೋದ ಹಿಂದಿನ ಬುಷ್ ಸ್ವಲ್ಪ ಸವೆದಿದೆ, ಪುಲ್ಲಿ ಹಿಡಿದು ಅಲುಗಿಸಿದರೆ ಹಿಂದಿನ ತುದಿಯಲ್ಲಿ ಕೈಗೆ ಸಿಗುತ್ತದೆ. ಎಣ್ಣೆಯ ಬಾಯಿ ಮುಚ್ಚಿದ್ದರ ಫಲವಿರಬಹುದು. ಇನ್ನಷ್ಟು ಸವೆದರೆ ಆರ್ಮೇಚರ್ ಫೀಲ್ಡಿನ ಕಬ್ಬಿಣಕ್ಕೆ ಉಜ್ಜುತ್ತದೆ. ಗೋವಿನಜೋಳ ಮಾರಾಟವಾದ ಮೇಲೆ ಬಿಚ್ಚಿ, ರಾಣೆಬೆನ್ನೂರಿನಲ್ಲಿ ಬುಷ್ ಹಾಕಿಸಲು ಹೇಳಿ ಬಂದಿದ್ದೇನೆ. ಹೊಸ ಬುಷ್ಷನ್ನು ಕೂರಿಸುವ ಮೊದಲು ಒಂದಿಡೀ ದಿನ ಇಂಜಿನ್ ಆಯಿಲಿನಲ್ಲಿ ನೆನೆಸಿಡಬೇಕು ಎಂಬುದನ್ನೂ ಚೀಟಿಯಲ್ಲಿ ಬರೆದು ಕೊಟ್ಟಿದ್ದೇನೆ.